ಅಣೆಕಟ್ಟಿನ ಲೆಕ್ಕ ಇದೆ, ಮನೆ ಪಾಯದ ನೀರಿನ ಲೆಕ್ಕ ಎಲ್ಲಿ?

ಹಿಡಕಲ್ ಜಲಾಶಯದಲ್ಲಿ ಇವತ್ತು ಎಷ್ಟು ನೀರಿದೆ? ಮಳೆಗಾಲದಲ್ಲಿ ಗೋಕಾಕ, ಮೂಡಲಗಿ, ಹುಕ್ಕೇರಿಯ ಯಾವ ಚಹಾದಂಗಡಿಯಲ್ಲಿ ಕೇಳಿದರೂ ಉತ್ತರ ಸಿಗುತ್ತದೆ. 51 ಟಿಎಂಸಿ ಸಾಮರ್ಥ್ಯದ ಅಣೆಕಟ್ಟಿನ ಲೆಕ್ಕವನ್ನು ನಾವೇ ಪತ್ರಿಕೆಗೆ ಕಳಿಸುತ್ತೇವೆ. ನಿಮ್ಮ ಮನೆ ಪಾಯದಿಂದ ನೀರು ಎಷ್ಟು ಅಡಿ ಕೆಳಗಿದೆ ಎಂದು ಕೇಳಿ ನೋಡಿ. ಉತ್ತರವಿಲ್ಲ.

ಅಂತರ್ಜಲ ಎಂದರೆ ಸರ್ಕಾರಿ ಭಾಷಣದಲ್ಲಿ ಒಂದೇ ಮಾತು: ಕುಸಿತ. ಕಾಲುವೆ ಕೆಳಗಿನ ಎರೆಮಣ್ಣಿನ ಊರುಗಳ ಕತೆ ಬೇರೆ. ಕಾಲುವೆ ಸೋರುತ್ತದೆ, ಕಬ್ಬಿಗೆ ಹರಿಬಿಟ್ಟ ನೀರು ಇಂಗುತ್ತದೆ, ಬಸಿಗಾಲುವೆ ಮುಚ್ಚಿದ ಕಡೆ ಅದಕ್ಕೆ ಹೊರದಾರಿ ಇರುವುದಿಲ್ಲ. ಹೊಲ ಸವಳು-ಜವಳಾದರೆ ಅದಕ್ಕೊಂದು ಹೆಸರಾದರೂ ಇದೆ. ಅದೇ ನೀರು ಗೋಡೆ ಹತ್ತಿದರೆ ಬೈಗುಳ ಗೌಂಡಿಗೆ.

ಇದು ಬರೀ ಸುಣ್ಣ ಉದುರುವ ಮಾತಲ್ಲ. ಮಣ್ಣಿನ ಗೋಡೆಯ ಬುಡ ನೆನೆದರೆ ಮನೆಯೇ ಕುಸಿಯುತ್ತದೆ. ಶೌಚಾಲಯದ ಗುಂಡಿಗೆ ಅಂತರ್ಜಲ ತಾಗಿದರೆ ಹೊಲಸು ಪಕ್ಕದ ಬಾವಿಗೆ ಸೇರುತ್ತದೆ. 2019ರ ಆಗಸ್ಟ್ ಪ್ರವಾಹದಲ್ಲಿ ಬಿದ್ದ ಮನೆಗಳನ್ನು ಎ, ಬಿ, ಸಿ ಎಂದು ವಿಂಗಡಿಸಿ ಪರಿಹಾರ ಕೊಟ್ಟರು. ವರ್ಷಗಟ್ಟಲೆ ಕೆಳಗಿನಿಂದ ನೆನೆಯುವ ಮನೆ ಯಾವ ವರ್ಗ?

"ಇದೆಲ್ಲ ಎಂಜಿನಿಯರ್ ಕೆಲಸ" ಎನ್ನುವವರಿಗೆ ಉತ್ತರ ಒಂದು ಪೈಪ್. ಹತ್ತು ಅಡಿ ಉದ್ದದ, ಎರಡು ಇಂಚಿನ ಪಿವಿಸಿ ಪೈಪ್ ತನ್ನಿ. ಕೆಳಗಿನ ಅರ್ಧಕ್ಕೆ ಗರಗಸದಿಂದ ಸಣ್ಣ ಸೀಳು ಹಾಕಿ, ನೈಲಾನ್ ಜಾಳಿಗೆ ಸುತ್ತಿ. ಪಾಯ, ಸಂಪು, ಶೌಚಾಲಯದ ಗುಂಡಿಯಿಂದ ದೂರ ರಂಧ್ರ ಕೊರೆಸಿ ಇಳಿಸಿ. ಸುತ್ತ ದಪ್ಪ ಮರಳು ತುಂಬಿ, ಮಳೆನೀರು ಇಳಿಯದಂತೆ ಮೇಲ್ಭಾಗಕ್ಕೆ ಸಿಮೆಂಟ್ ಬಳಿದು ಮುಚ್ಚಳ ಹಾಕಿ. ಅಳತೆ ಟೇಪಿನ ತುದಿಗೆ ನಟ್ ಕಟ್ಟಿ, ಸೀಮೆಸುಣ್ಣ ಉಜ್ಜಿ ಇಳಿಬಿಟ್ಟರೆ ಎಲ್ಲಿಯವರೆಗೆ ಒದ್ದೆಯಾಯಿತೋ ಅಲ್ಲಿದೆ ನೀರು. ನೆಲದ ಮೇಲಿರುವ ಪೈಪಿನ ಉದ್ದವನ್ನು ಕಳೆಯಿರಿ. ಎರೆಮಣ್ಣಿನಲ್ಲಿ ನೀರು ನಿಧಾನ ಸೇರುತ್ತದೆ, ಮೊದಲ ವಾರದ ಅಳತೆ ನಂಬಬೇಡಿ. ಹಳೆಯ ಬಾವಿ ಇದ್ದರೆ ಪೈಪೂ ಬೇಡ, ಕಟ್ಟೆಯ ಮೇಲೊಂದು ಗುರುತು ಸಾಕು.

ವಾರಕ್ಕೊಮ್ಮೆ ಬರೆಯಿರಿ. ಪಕ್ಕದಲ್ಲಿ ಮಳೆ ಬಂದ ದಿನ, ಕಾಲುವೆಗೆ ನೀರು ಬಿಟ್ಟ ದಿನ ಬರೆಯಿರಿ. ಮಳೆಯಿಲ್ಲದೆ, ಕಾಲುವೆ ಹರಿದಾಗಲೆಲ್ಲ ನೀರು ಏರಿದರೆ ಸಂಶಯ ಎಲ್ಲಿಗೆ ಹೋಗಬೇಕೆಂದು ಹೇಳಬೇಕಿಲ್ಲ. ಗೋಡೆ ಒದ್ದೆ, ಪೈಪ್ ಒಣ ಎಂದಾದರೆ ನಿಮ್ಮ ನಳವನ್ನೇ ಮೊದಲು ನೋಡಿ.

ಆದರೆ ಬಡವರೇ ದುಡ್ಡು ಹಾಕಿ ಸಾಕ್ಷಿ ಒದಗಿಸಬೇಕೆ? ಕೇಂದ್ರ ಅಂತರ್ಜಲ ಮಂಡಳಿ ತನ್ನ ಬಾವಿಗಳನ್ನು ವರ್ಷಕ್ಕೆ ನಾಲ್ಕು ಸಲ ಅಳೆಯುತ್ತದೆ. ಓಣಿಯ ಕತೆ ಹೇಳಲು ಅದು ಸಾಲದು. ಪಂಚಾಯಿತಿ ವಾರ್ಡಿಗೊಂದು ಪೈಪ್ ಹಾಕಿಸಲಿ, ಪ್ರತಿ ವಾರದ ಅಂಕಿ ಫಲಕದಲ್ಲಿ ಬರೆಯಲಿ. ಕಾಲುವೆಗೆ ನೀರು ಬಿಟ್ಟ ತಾರೀಖುಗಳನ್ನು ನೀರಾವರಿ ನಿಗಮ ಅದರ ಪಕ್ಕದಲ್ಲೇ ಹಾಕಲಿ. ಬಸಿಗಾಲುವೆ ಕೇಳಲು ಗ್ರಾಮಸಭೆಗೆ ಹೋಗುವಾಗ ಕೈಯಲ್ಲಿ ಬರೀ ಅರ್ಜಿ ಬೇಡ, ಅಂಕಿ ಇರಲಿ. ಅರ್ಜಿಯನ್ನು ಕಡತಕ್ಕೆ ಸೇರಿಸಿ ಮರೆಯಬಹುದು. ಊರವರೆಲ್ಲ ಓದಿದ ಅಂಕಿಯನ್ನು ಮರೆಸುವುದು ಕಷ್ಟ.