ಲಡಾಖ್‌ನಲ್ಲಿ ಬಿಸಿಲಿಗೆ ಬರವಿಲ್ಲ, ಮನೆ ಬೆಚ್ಚಗಾಗಲು ಸೀಮೆಎಣ್ಣೆಯೇ ಬೇಕೆ?

ಲಡಾಖ್‌ನಲ್ಲಿ ವರ್ಷಕ್ಕೆ 300ಕ್ಕೂ ಹೆಚ್ಚು ದಿನ ಬಿಸಿಲಿರುತ್ತದೆ. ಆದರೂ ಮೈನಸ್ 20 ಡಿಗ್ರಿವರೆಗೆ ಇಳಿಯುವ ಚಳಿಯಲ್ಲಿ ಅಲ್ಲಿನ ಬಹಳಷ್ಟು ಮನೆಗಳಿಗೆ ಇಂದಿಗೂ ಬುಖಾರಿ ಒಲೆಯೇ ಆಸರೆ. ಅದಕ್ಕೆ ಸೀಮೆಎಣ್ಣೆ, ಕಟ್ಟಿಗೆ ಅಥವಾ ಬೆರಣಿ ಬೇಕು. ಖರ್ಚು ಒಂದೆಡೆಯಾದರೆ, ಬಾಗಿಲು ಮುಚ್ಚಿದ ಕೋಣೆಯಲ್ಲಿ ಒಲೆಯ ಹೊಗೆ ಪ್ರಾಣಕ್ಕೇ ಎರವಾಗುವ ಭಯ ಇನ್ನೊಂದೆಡೆ.

ಇದೇ ಬಿಸಿಲನ್ನು ನಂಬಿ ದೊಡ್ಡ ಯೋಜನೆಯೊಂದು ರೂಪುಗೊಂಡಿದೆ. ಲಡಾಖ್‌ನ 13 ಗಿಗಾವ್ಯಾಟ್ ಹಸಿರು ವಿದ್ಯುತ್ತನ್ನು ಹರಿಯಾಣದ ಕೈಥಲ್‌ಗೆ ಸಾಗಿಸುವ 20,773.70 ಕೋಟಿ ರೂ. ವೆಚ್ಚದ ಮಾರ್ಗಕ್ಕೆ ಕೇಂದ್ರ ಸಂಪುಟ 2023ರ ಅಕ್ಟೋಬರ್‌ನಲ್ಲಿ ಒಪ್ಪಿಗೆ ನೀಡಿತು. ಬಯಲಿನ ಊರುಗಳಿಗೆ ಕರೆಂಟ್ ಸಿಗುವುದು ಒಳ್ಳೆಯದೇ. ಆದರೆ ಲೇಹ್‌ನ ಬುಖಾರಿ ಅದರಿಂದ ಆರುವುದಿಲ್ಲ.

ಹಾಗಾದರೆ ಮನೆಯ ಛಾವಣಿಗೇ ಸೌರ ಫಲಕ ಹಾಕಿದರೆ? 2024ರ ಫೆಬ್ರವರಿಯಲ್ಲಿ ಆರಂಭವಾದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್ ಘಟಕಕ್ಕೆ 78,000 ರೂ. ಸಬ್ಸಿಡಿ ಇದೆ, ಲಡಾಖ್‌ಗೆ ಇನ್ನೂ ಸ್ವಲ್ಪ ಹೆಚ್ಚು. ಇಂಥ ಘಟಕದಿಂದ ಒಳ್ಳೆಯ ಬಿಸಿಲಿನ ದಿನ ಸುಮಾರು 12 ಯೂನಿಟ್ ಸಿಗುತ್ತದೆ. 2 ಕಿಲೋವ್ಯಾಟ್‌ನ ಒಂದು ರೂಮ್ ಹೀಟರ್ ಅಷ್ಟನ್ನೂ ಆರು ಗಂಟೆಯಲ್ಲಿ ನುಂಗುತ್ತದೆ. ಅದೂ ಹೀಟರ್ ಬೇಕಾಗುವುದು ಸೂರ್ಯ ಮುಳುಗಿದ ಮೇಲೆ!

ಬಿಸಿಲನ್ನು ಕರೆಂಟ್ ಮಾಡಿ, ಕರೆಂಟನ್ನು ಮತ್ತೆ ಶಾಖ ಮಾಡುವ ಈ ಸುತ್ತು ದಾರಿ ಏಕೆ ಎಂಬ ಪ್ರಶ್ನೆಗೆ ಲಡಾಖ್‌ನಲ್ಲೇ ಉತ್ತರವಿದೆ. ಮನೆಯ ದಕ್ಷಿಣದ ದಪ್ಪ ಗೋಡೆಗೆ ಕಪ್ಪು ಬಳಿದು, ಕೆಲವೇ ಇಂಚು ಮುಂದೆ ಗಾಜು ಹಾಕುವುದು. ಇದಕ್ಕೆ ಟ್ರೋಂಬ್ ಗೋಡೆ ಎನ್ನುತ್ತಾರೆ. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿ ತಗ್ಗಿನಲ್ಲಿ ಸಾಗುವುದರಿಂದ ಬಿಸಿಲು ನೇರ ಗೋಡೆಗೇ ಬೀಳುತ್ತದೆ. ಹಗಲೆಲ್ಲ ಕಾದ ಗೋಡೆ ರಾತ್ರಿ ನಿಧಾನವಾಗಿ ಶಾಖವನ್ನು ಒಳಗೆ ಬಿಡುತ್ತದೆ. ಬೇಸಿಗೆಯಲ್ಲಿ ಸೂರ್ಯ ನೆತ್ತಿಯ ಮೇಲಿರುವುದರಿಂದ ಸೆಖೆಯ ಕಾಟವೂ ಕಡಿಮೆ. ಲೇಹ್ ಬಳಿಯ ಸೆಕ್ಮೋಲ್ ಶಾಲೆಯ ಮಣ್ಣಿನ ಕಟ್ಟಡಗಳು ಬಿಸಿಲಿನಿಂದಲೇ ಬೆಚ್ಚಗಿರುತ್ತವೆ. ಶಾಲೆಯ ಸ್ಥಾಪಕರಲ್ಲಿ ಒಬ್ಬರಾದ ಸೋನಮ್ ವಾಂಗ್‌ಚುಕ್ 2021ರಲ್ಲಿ ಸೈನಿಕರಿಗಾಗಿ ಸೌರ ಟೆಂಟ್ ರೂಪಿಸಿದಾಗ, ರಾತ್ರಿ 10ಕ್ಕೆ ಒಳಗೆ 15 ಡಿಗ್ರಿ ಇತ್ತೆಂದೂ ಹಿಂದಿನ ರಾತ್ರಿ ಹೊರಗೆ ಕನಿಷ್ಠ ಮೈನಸ್ 14 ಇತ್ತೆಂದೂ ತಿಳಿಸಿದ್ದರು.

ಇದು ಎಲ್ಲ ಮನೆಗೂ ಒಗ್ಗುವ ಮಾತಲ್ಲ. ಎದುರು ಮನೆಯ ನೆರಳು ಬಿದ್ದರೆ ಕಥೆ ಮುಗಿಯಿತು. ಹಳೇ ಮನೆಯಲ್ಲಿ ಛಾವಣಿ, ಕಿಟಕಿಗಳಿಂದ ಶಾಖ ಸೋರುವುದನ್ನೂ ತಡೆಯಬೇಕು. ಸತತ ಮೋಡ ಕವಿದ ದಿನಗಳಿಗೆ ಬುಖಾರಿ ಇರಲೇಬೇಕು. ಆದರೆ ಅದು ಉರಿಯುವ ಗಂಟೆಗಳು ಕಡಿಮೆಯಾದರೂ ಮನೆಯವರಿಗೆ ಅದು ದೊಡ್ಡ ಉಳಿತಾಯವೇ.

ತೊಡಕಿರುವುದು ತಂತ್ರಜ್ಞಾನದಲ್ಲಲ್ಲ, ಲೆಕ್ಕದಲ್ಲಿ. ಫಲಕದಿಂದ ಎಷ್ಟು ಯೂನಿಟ್ ಬಂತೆಂದು ಮೀಟರ್ ತೋರಿಸುತ್ತದೆ. ಉರಿಯದೇ ಉಳಿದ ಸೀಮೆಎಣ್ಣೆಯನ್ನು ಯಾವ ಮೀಟರ್ ತೋರಿಸುತ್ತದೆ? ಹಾಗಾಗಿ ಪಿಎಂ ಸೂರ್ಯ ಘರ್ ಹಣ ಫಲಕಕ್ಕೆ ಮಾತ್ರ. ಕರ್ನಾಟಕದಲ್ಲಿ ಸೋಲಾರ್ ವಾಟರ್ ಹೀಟರ್‌ಗೂ ಇದೇ ತೊಡಕಿತ್ತು. ಅಲ್ಲಿ ನಿಗದಿತ ಅಳತೆಯ ಹೊಸ ಮನೆಗಳಿಗೆ ಅದನ್ನು ಕಡ್ಡಾಯ ಮಾಡಿ, ವಿದ್ಯುತ್ ಬಿಲ್‌ನಲ್ಲಿ ರಿಯಾಯಿತಿಯನ್ನೂ ಕೊಡಲಾಯಿತು. ಲಡಾಖ್‌ನ ಗೋಡೆಗೆ ಅಂಥದ್ದೊಂದು ನಿಯಮ ರೂಪಿಸುವುದು 13 ಗಿಗಾವ್ಯಾಟ್‌ಗೆ ಮಾರ್ಗ ಎಳೆಯುವಷ್ಟು ಕಷ್ಟದ ಕೆಲಸವೇನಲ್ಲ.