ಸ್ವರದ ಕುಲಗೋತ್ರ

ಇಂಗ್ಲೆಂಡಿನ ಕಾರ್ನ್‌ವಾಲಿಗೆ ಸ್ವಂತದ್ದೆನ್ನಬಹುದಾದ ಸಂಗೀತವೇ ಇಲ್ಲವೆಂದು ಸಹಯೋಗಿ ಪತ್ರಿಕೆಯೊಂದು ಕಳೆದ ತಿಂಗಳು ತೀರ್ಪಿತ್ತು, ಅಲ್ಲಿಯವರು ಎದೆತುಂಬಿ ಹಾಡುವ ‘ಲಮೋರ್ನಾ’ ಮ್ಯಾಂಚೆಸ್ಟರಿನ ಪದವೊಂದರ ರೂಪಾಂತರವೆಂಬುದನ್ನೂ, ನಾಡಗೀತೆಯ ಗೌರವ ಪಡೆದ ‘ಟ್ರೆಲಾನಿ’ಯನ್ನು ರಾಬರ್ಟ್ ಹಾಕರನು 1824ರಲ್ಲಿ ಬರೆದನೆಂಬುದನ್ನೂ ಸಾಕ್ಷ್ಯವಾಗಿ ಮುಂದಿಟ್ಟಿದೆ. ಸಂಗತಿಗಳೆರಡೂ ನಿಜ, ತೀರ್ಪು ಮಾತ್ರ ಸರ್ವಥಾ ಅಗ್ರಾಹ್ಯ.

ಹಾಡಿನ ಕುಲಗೋತ್ರವನ್ನು ವಿಚಾರಿಸುವ ಈ ಪಂಡಿತರು ಅದನ್ನು ಹಾಡುವ ಬಗೆಗೆ ಕಿವಿಗೊಟ್ಟವರಲ್ಲ. ವೆಸ್ಲಿಯ ಉಪದೇಶದ ತರುವಾಯ ತವರ ಮತ್ತು ತಾಮ್ರದ ಗಣಿಯೂರುಗಳಲ್ಲಿ ಎದ್ದುನಿಂತ ಮೆಥಡಿಸ್ಟ್ ಪ್ರಾರ್ಥನಾಮಂದಿರಗಳು ಶ್ರಮಜೀವಿಗಳ ಕಂಠಕ್ಕೆ ಬಹುಸ್ವರಗಾಯನವನ್ನು ರೂಢಿಮಾಡಿಸಿದುವು; ಆ ರೂಢಿಯು ದೇವಾಲಯದ ಹೊಸ್ತಿಲು ದಾಟಿ ಪಾನಗೃಹವನ್ನೂ ಸ್ಮಶಾನವನ್ನೂ ವ್ಯಾಪಿಸಿದ ಮೇಲೆ, ಎಲ್ಲಿಂದಲೋ ಬಂದ ಪದವೂ ಆ ಬಾಯಿಗಳಿಗೆ ಬಿದ್ದೊಡನೆ ಮಂದ್ರ ತಾರಗಳಾಗಿ ಕವಲೊಡೆದು ಕಾರ್ನಿಷ್ ಆಗಿಬಿಡುತ್ತದೆ. ಇಲ್ಲೊಗನ್ ಗ್ರಾಮದ ಥಾಮಸ್ ಮೆರಿಟ್ (1863–1908) ಬಾಲ್ಯದಲ್ಲಿಯೇ ಗಣಿಯಲ್ಲಿ ದುಡಿದು, ದೇಹ ಸೋತು, ಬಹುಮಟ್ಟಿಗೆ ಸ್ವಪ್ರಯತ್ನದಿಂದಲೇ ಸಂಗೀತವನ್ನು ಸಾಧಿಸಿ ರಚಿಸಿದ ಕ್ರಿಸ್ಮಸ್ ಗೀತೆಗಳಲ್ಲಿ, ಒಂದು ಕಂಠವರ್ಗವು ಎತ್ತಿದ ಸಾಲನ್ನು ಮತ್ತೊಂದು ಬೆನ್ನಟ್ಟಿ ಹಿಡಿದು, ಕೊನೆಯಲ್ಲಿ ಎಲ್ಲವೂ ಒಂದಾಗಿ ಮೊಳಗುವ ರಭಸವನ್ನು ಕೇಳಿದವರು ಅದರ ವೈಶಿಷ್ಟ್ಯಕ್ಕೆ ಬೇರೆ ಪ್ರಮಾಣವನ್ನು ಬೇಡಲಾರರು. ಗಣಿಗಳು ಸೊರಗಿ ಜನ ದೇಶಾಂತರ ಹೋದಾಗ ಕ್ಯಾಲಿಫೋರ್ನಿಯದ ಗ್ರಾಸ್ ವ್ಯಾಲಿಗೂ ದಕ್ಷಿಣ ಆಸ್ಟ್ರೇಲಿಯದ ಮೂಂಟಾಕ್ಕೂ ಹೋದುವು, ಈ ಗೀತೆಗಳು.

ಕೆಲ್ಟಿಕ್ ಶುದ್ಧಿಯ ಹೆಸರಿನಲ್ಲಿ ಹಾರ್ಪನ್ನೂ ಕೊಳವೆವಾದ್ಯವನ್ನೂ ಮೆರೆಸಿ, ಪ್ರಾರ್ಥನಾಮಂದಿರದ ಮೇಳವನ್ನೂ ಹಿತ್ತಾಳೆಯ ಬ್ಯಾಂಡನ್ನೂ ಅರ್ವಾಚೀನವೆಂದು ಹೊರಗಿಡುವವರ ವಿಷಯದಲ್ಲಿ ನಮ್ಮ ಅಸಮಾಧಾನ ಇನ್ನೂ ತೀಕ್ಷ್ಣವಾದುದು. ಹೆನ್ರಿ ಜೆನ್ನರನು 1904ರಲ್ಲಿ ಪ್ರಕಟಿಸಿದ ಕೈಪಿಡಿಯಿಂದ ಮರುಜೀವ ಪಡೆದ ಕಾರ್ನಿಷ್ ಭಾಷೆಯ ಬಗೆಗೆ ನಮಗೆ ಅಪಾರ ಗೌರವವುಂಟು. ಆದರೆ ಮೇ 8ರಂದು ಹೆಲ್‌ಸ್ಟನ್ನಿಗೆ ಹೋಗಿ ನೋಡಲಿ: ಊರಿನ ಬ್ಯಾಂಡಿನವರು ಸ್ವರಲಿಪಿಯ ಹಾಳೆಯಿಲ್ಲದೆ, ನೆನಪಿನಿಂದಲೇ ಫರಿ ನೃತ್ಯದ ರಾಗವನ್ನು ನುಡಿಸುತ್ತ ನಡೆದರೆ, ಜೋಡಿಜೋಡಿಯಾಗಿ ಕುಣಿಯುವವರು ಮನೆಯ ಮುಂಬಾಗಿಲಿನಿಂದ ಹೊಕ್ಕು ಹಿಂಬಾಗಿಲಿನಿಂದ ಹೊರಬೀಳುತ್ತಾರೆ. ಆ ಹಿತ್ತಾಳೆಯನ್ನು ಕಿತ್ತುಕೊಂಡು ಅವರಿಗೆ ಯಾವ ಪ್ರಾಚೀನತೆಯನ್ನು ದಾನಮಾಡುವಿರಿ? ಪ್ಯಾಡ್‌ಸ್ಟೋದ ಮೇ ದಿನದ ಕುದುರೆಕುಣಿತದಲ್ಲಿಯೂ ಭೇರಿಗಳೊಡನೆ ನುಡಿಯುವುದು ಅಕಾರ್ಡಿಯನ್. ಅದು 19ನೆಯ ಶತಮಾನದ ಯಂತ್ರ. ಅದರಿಂದ ಆ ಕುಣಿತ ಯಾರಿಗೂ ಪರಕೀಯವೆನಿಸಿಲ್ಲ.

ಈ ಸಂಚಿಕೆ ಕಾರ್ನಿಷ್ ಗಾಯನಕ್ಕೆ ಮೀಸಲು. ಇದೇ ಕಾರ್ನಿಷ್ ಗಣಿಗಾರರು 19ನೆಯ ಶತಮಾನದ ಕೊನೆಯಲ್ಲಿ ಜಾನ್ ಟೇಲರ್ ಕಂಪನಿಯ ಆಶ್ರಯದಲ್ಲಿ ನಮ್ಮ ಕೋಲಾರದ ಚಿನ್ನದ ಗಣಿಗಳಿಗೂ ಬಂದು ದುಡಿದವರಾದುದರಿಂದ, ಅವರ ಹಾಡಿನ ನೆನಪು ಅಲ್ಲಿಯ ಹಿರಿಯರ ಮನೆಗಳಲ್ಲಿ ಉಳಿದಿದ್ದರೆ ಬರೆದು ಕಳುಹಿಸಬೇಕೆಂದು ಬೇಡುತ್ತೇವೆ; ಸಹಯೋಗಿಗಳ ಪ್ರತ್ಯುತ್ತರಕ್ಕೂ ಮುಂದಿನ ಸಂಚಿಕೆಯಲ್ಲಿ ಸ್ಥಳವಿದೆ.