ಕಾರು ಅಂತಸ್ತಿಗಲ್ಲ, ಅಗತ್ಯಕ್ಕೆ



ಕಾರ್ಕ್ ನಗರದ ಉತ್ತರದ ದಿಣ್ಣೆಯ ಮೇಲಿರುವ ನಮ್ಮ ಹಾಲಿಹಿಲ್‌ಗೆ ಹೊಸದಾಗಿ ಬಂದ ಕುಟುಂಬಗಳಿಗೆ ಹಿತೈಷಿಗಳು ನೀಡುವ ಸಲಹೆ: “ಸಾಲ ಮಾಡಿಯಾದರೂ ದೊಡ್ಡ ಡೀಸೆಲ್ ಕಾರು ಕೊಳ್ಳಿ.” ರೋಗಿಯನ್ನು ನೋಡದೆಯೇ ಬರೆದ ಔಷಧಿಚೀಟಿ ಇದು.

ಶಾಲೆ, ಅಂಗಡಿ, ವಿಲ್ಟನ್‌ನ ಆಸ್ಪತ್ರೆ: ನಮ್ಮ ನಿತ್ಯದ ಓಡಾಟ ಕೆಲವೇ ಕಿಲೋಮೀಟರುಗಳು. ಇಷ್ಟು ಅಲ್ಪ ದೂರದಲ್ಲಿ ಡೀಸೆಲ್ ಕಾರಿನ ಶೋಧಕದ ಮಸಿ ಸುಡದೆ ಕಟ್ಟಿಕೊಳ್ಳುತ್ತದೆ. ಭಾರತದ ಚಾಲನಾ ಪರವಾನಗಿಯನ್ನು ಇಲ್ಲಿ ಬದಲಾಯಿಸಿಕೊಳ್ಳಲಾಗದು. ಕಲಿಕಾ ಪರವಾನಗಿಯವರಿಗೆ ವಿಮೆಯೇ ಹೊರೆ, ದೊಡ್ಡ ಎಂಜಿನ್ ಅದನ್ನು ಹೆಚ್ಚಿಸುತ್ತದೆ. ಚಿಕ್ಕ ಪೆಟ್ರೋಲ್ ಕಾರು ಸಾಲದೇ?

“ಹಳೆಯದು ಅಪಾಯವಲ್ಲವೇ?” ಎನ್ನುವಿರಿ. 4 ವರ್ಷ ತುಂಬಿದ ಕಾರಿಗೆ ಎನ್‌ಸಿಟಿ ತಪಾಸಣೆ ಕಡ್ಡಾಯ. 10 ತುಂಬಿದರೆ ಪ್ರತಿ ವರ್ಷವೂ. ಆದರೆ ಪ್ರಮಾಣಪತ್ರ ಹೇಳುವುದು ಅಂದಿನ ಆರೋಗ್ಯವನ್ನಷ್ಟೇ. ಹಿಂದಿನ ವರದಿಗಳನ್ನು ಕೇಳಿ ಪಡೆಯಿರಿ, ಓಡಿದ ದೂರವನ್ನು ಹೋಲಿಸಿರಿ, ಮಾರುವವನಿಗೆ ಸಂಬಂಧಿಸದ ಮೆಕ್ಯಾನಿಕ್‌ಗೆ ತೋರಿಸಿರಿ.

ಇಲ್ಲಿ ನಂಬರ್ ಫಲಕವೇ ಕಾರಿನ ವಯಸ್ಸನ್ನು ಸಾರುತ್ತದೆ. ಸಮಾರಂಭಗಳಲ್ಲಿ ಅದನ್ನೇ ಓದಿ ಮನುಷ್ಯರನ್ನು ಅಳೆಯುವ ನಮ್ಮ ಚಪಲ ನಿಲ್ಲಲಿ. ಊರಿನ ತಂದೆತಾಯಿಯರ ಔಷಧಿಯ ಹಣವನ್ನು ಕಾರಿನ ಕಂತಿಗೆ ತೆತ್ತವರನ್ನು ಕಂಡಿದ್ದೇನೆ. ಆ ಕಾಯಿಲೆಗೆ ನನ್ನಲ್ಲಿ ಮದ್ದಿಲ್ಲ. ಅದು ಬಾರದಂತೆ ತಡೆಯುವುದು ನಮ್ಮೆಲ್ಲರ ಕೈಯಲ್ಲಿದೆ.